ಸುಮ್ಮನಿದ್ದವಳ ಹೇಳಿಕೆ

ರೈಟರ್ ಮಾಮನ ಬಲಗೈಯ ನಡುಬೆರಳಿನ ಮೇಲೆ ಹುಣಸೆಬೀಜದಷ್ಟು ಗಟ್ಟಿಯಾದ ಗಂಟೊಂದಿತ್ತು. ಮೂವತ್ತು ವರ್ಷಕ್ಕೂ ಮೇಲೆ ಪೆನ್ನು ಒತ್ತಿ ಒತ್ತಿ ಎದ್ದ ಗಂಟು. ಯೋಚನೆ ಹತ್ತಿದಾಗ ಹೆಬ್ಬೆರಳಿನಿಂದ ಅದನ್ನೇ ತಿಕ್ಕುತ್ತಿದ್ದರು. ಪೊಲೀಸ್ ಸ್ಟೇಷನ್ನಿನಲ್ಲಿ ದೂರು, ಪಂಚನಾಮೆ, ಸಾಕ್ಷಿಗಳ ಹೇಳಿಕೆ ಎಲ್ಲವನ್ನೂ ಕೂತು ಬರೆಯುವ ಹೆಡ್ ಕಾನ್‌ಸ್ಟೇಬಲ್‌ನನ್ನು ನಮ್ಮ ಕಡೆ ರೈಟರ್ ಎನ್ನುತ್ತಾರೆ. ನಿವೃತ್ತಿಯಾಗಿ ಆಂಧ್ರ ಗಡಿಯ ಹಿಂದೂಪುರದ ನಮ್ಮ ಬೀದಿಗೆ ಬಂದ ಮೇಲೂ ಅವರಿಗೆ ಅದೇ ಹೆಸರು ಉಳಿಯಿತು. ಮಾಮ ಅನ್ನುವುದನ್ನು ನಾನು ಸೇರಿಸಿಕೊಂಡೆ.

ನಾನು ಜೂನಿಯರ್ ಕಾಲೇಜಿನಲ್ಲಿ ಲೆಕ್ಚರರ್. ದಿನಕ್ಕೆ ಆರು ಕ್ಲಾಸು. ಅದಾದ ಮೇಲೆ ಉಳಿದ ಗಂಟಲಿನಲ್ಲಿ ಒಂದು ಯೂಟ್ಯೂಬ್ ಚಾನೆಲ್ ನಡೆಸುತ್ತೇನೆ. ಅರ್ಥವಾಗದ ಸಿನಿಮಾಗಳ ಕೊನೆಯನ್ನು ಬಿಡಿಸಿ ಹೇಳುವ ಕೆಲಸ. ಕೊಲೆ ಮಾಡಿದ್ದು ಯಾರು, ಆ ಮನುಷ್ಯ ಯಾಕೆ ನಕ್ಕ, ಈ ಹೆಂಗಸು ಯಾಕೆ ತಿರುಗಿ ನೋಡಿದಳು, ಎಲ್ಲಕ್ಕೂ ನನ್ನಲ್ಲಿ ಉತ್ತರವಿರುತ್ತಿತ್ತು. ಇರದಿದ್ದರೆ ಮಾಡಿಕೊಳ್ಳುತ್ತಿದ್ದೆ.

ಭಾನುವಾರದ ಮಾರ್ನಿಂಗ್ ಶೋಗೆ ಮಾಮ ನನ್ನ ಜೊತೆಗೆ ಬರುತ್ತಿದ್ದರು. ಮಂಡಿ ನೋವು, ಕಾಲು ಚಾಚಲು ಅಂಚಿನ ಸೀಟೇ ಆಗಬೇಕು. ಕರ್ಚೀಫಿನಲ್ಲಿ ಹುರಿದ ಕಡಲೆಕಾಯಿ ಕಟ್ಟಿಕೊಂಡು ಬರುತ್ತಿದ್ದರು. ಪೊಲೀಸರ ಕಥೆಯಾದರೆ ಹೊರಗೆ ಬರುವಾಗ ಯಾರಾದರೂ, “ಏಮಿ ಸಾರ್, ಕೊಲೆ ಮಾಡಿದ್ದು ಯಾರಂತೀರಾ?” ಎಂದು ಕೇಳಿಯೇ ಕೇಳುತ್ತಿದ್ದರು. ಮಾಮ ಒಂದೇ ಒಂದು ಸಲವೂ ಹೆಸರು ಹೇಳಲಿಲ್ಲ. “ಕಂಡಿದ್ದೆಷ್ಟು, ಕಟ್ಟಿದ್ದೆಷ್ಟು? ಮೊದ್ಲು ಅದು ಹೇಳಪ್ಪ” ಎಂದು ಚಪ್ಪಲಿ ಎಳೆಯುತ್ತಾ ನಡೆದುಬಿಡುತ್ತಿದ್ದರು. ಮೂವತ್ತು ವರ್ಷ ಸ್ಟೇಷನ್ನಿನಲ್ಲಿದ್ದವರು ಇಷ್ಟು ಪುಕ್ಕಲರೇ ಎಂದು ನನಗೆ ಒಳಗೊಳಗೇ ನಗು ಬರುತ್ತಿತ್ತು.

ಇಲ್ಲಿ ನನ್ನ ಅಕ್ಕನ ಮಾತು ಹೇಳಲೇಬೇಕು. ಅವಳನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿತ್ತು. ಭಾವ ಕುಡಿದು ಹೊಡೆಯುತ್ತಿದ್ದ. ನಮಗೆಲ್ಲ ಗೊತ್ತಿತ್ತು, ಗೊತ್ತಿದ್ದೂ ಹಬ್ಬಕ್ಕೆ ಕರೆದು ಹೋಳಿಗೆ ಬಡಿಸುತ್ತಿದ್ದೆವು. ಒಂದು ಸಂಜೆ ಅವನು ಮನೆಯ ಮಿದ್ದೆಯಿಂದ, ಆ ತಡೆಗೋಡೆಯಿಲ್ಲದ ತಾರಸಿಯ ಮೇಲಿಂದ, ಬಿದ್ದು ಸತ್ತ. ಆಕಸ್ಮಿಕ ಎಂದು ಕೇಸು ಮುಗಿಯಿತು, ಬಾಯಿಗಳು ಮುಗಿಯಲಿಲ್ಲ. ಆ ಹೊತ್ತಿನಲ್ಲಿ ಅವಳೂ ಮಿದ್ದೆಯ ಮೇಲಿದ್ದಳಂತೆ ಎಂದು ಯಾರೋ ಅಂದರು. ಹನ್ನೊಂದನೆಯ ದಿನ, ನೆಂಟರೆಲ್ಲ ಕೂತಿದ್ದಾಗ, ನಾನೇ ಕೇಳಿದೆ: “ಅಕ್ಕ, ಅವತ್ತು ನೀನು ಮೇಲಿದ್ಯಾ?” ಅವಳು ನನ್ನ ಮುಖವನ್ನು ನೋಡಿದಳು, ಏನೂ ಹೇಳದೆ ಎದ್ದು ಅಡುಗೆಮನೆಗೆ ಹೋದಳು. ನನಗೆ ಅಷ್ಟು ಸಾಕಾಯಿತು. ಆಮೇಲೆ ನಾಲ್ಕು ವರ್ಷ ನಾನು ಕಲ್ಯಾಣದುರ್ಗದ ಬಸ್ಸು ಹತ್ತಲಿಲ್ಲ.

ನಾಲ್ಕನೆಯ ವರ್ಷ ಒಂದು ಸಿನಿಮಾ ಬಂತು. ಹೊರಗಿನಿಂದ ಬೀಗ ಬಿದ್ದ ಅಂಗಡಿಯೊಳಗೆ ಒಬ್ಬ ಸುಟ್ಟು ಸಾಯುತ್ತಾನೆ. ಬೀಗ ಹಾಕಿದ್ದು ಹೆಂಡತಿಯೋ ತಮ್ಮನೋ ತಿಳಿಯುವುದಿಲ್ಲ. ಕೊನೆಯ ದೃಶ್ಯದಲ್ಲಿ ಅವಳು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾ ಕೂತಿರುತ್ತಾಳೆ. ಇನ್ಸ್‌ಪೆಕ್ಟರ್ ಬಂದು, “ಬೀಗ ಹಾಕಿದ್ದು ಯಾರಮ್ಮ?” ಅನ್ನುತ್ತಾನೆ. ಅವಳು ತಲೆ ಎತ್ತಿ ನೋಡುತ್ತಾಳೆ, ಮತ್ತೆ ಕಲ್ಲು ಆರಿಸುತ್ತಾಳೆ. ಅಷ್ಟೇ, ಸಿನಿಮಾ ಮುಗಿಯಿತು. ಟಾಕೀಸಿನಲ್ಲಿ ಜನ ಬಾಯಿಗೆ ಬಂದ ಹಾಗೆ ಬೈದರು. ನಾನು ಎರಡೇ ದಿನದಲ್ಲಿ ವಿಡಿಯೋ ಮಾಡಿದೆ. ಬೀಗ ಹಾಕಿದ್ದು ಹೆಂಡತಿಯೇ, ಹನ್ನೊಂದು ಸುಳಿವುಗಳು. ಚಾನೆಲ್ಲಿನಲ್ಲಿ ಅದುವರೆಗೆ ಯಾವುದಕ್ಕೂ ಅಷ್ಟು ಜನ ಬಂದಿರಲಿಲ್ಲ.

ಮಾಮ ತಮ್ಮ ಜಗಲಿಯ ಮೇಲೆ ಕೂತು ಫೋನಿನಲ್ಲಿ ಅದನ್ನು ಪೂರ್ತಿ ನೋಡಿದರು.

“ಹನ್ನೊಂದಾ? ಚಾರ್ಜ್‌ಶೀಟ್ ಹಾಕಾಕೆ ಧಾರಾಳವಾಯ್ತು ಬುಡು.”

“ತಮಾಷೆ ಬೇಡ ಮಾಮ. ಬೀಗದ ಕೈ ಅವಳ ಸೊಂಟದಲ್ಲೇ ಇತ್ತಲ್ಲ?”

“ನಿಮ್ಮತ್ತೆ ಸೊಂಟದಾಗೂ ಐತೆ. ಹೋಗಿ ಹಿಡ್ಕೊಂಡ್ ಬತ್ತೀಯಾ?”

“ಗಂಡ ಸತ್ತರೂ ಅವಳು ಅಳಲಿಲ್ಲ.”

“ನಾನು ಸತ್ರೆ ನಿಮ್ಮತ್ತೆ ಮೊದ್ಲು ಒಲೆ ಮೇಲಿನ ಹಾಲು ಇಳಿಸ್ತಾಳೆ. ಅಳೋದೆಲ್ಲ ಆಮೇಲೆ.”

ಒಳಗಿನಿಂದ ಅತ್ತೆ, “ಉಕ್ಕಿದ್ರೆ ಒಲೆ ಒರೆಸೋರು ಯಾರು, ನೀವಾ?” ಅಂದರು. ಮಾಮ ನಕ್ಕರು. ನನಗೆ ನಗು ಬರಲಿಲ್ಲ.

“ಮತ್ತೆ ಸುಮ್ಮನೆ ಯಾಕಿದ್ದಳು? ತಪ್ಪಿಲ್ಲದಿದ್ದರೆ ನಾನಲ್ಲ ಅನ್ನಬಹುದಿತ್ತಲ್ಲ? ಒಂದು ಮಾತು! ಒಂದೇ ಒಂದು ಮಾತು!”

ನನ್ನ ದನಿ ಬೀದಿಗೆ ಕೇಳಿಸುವಷ್ಟು ಏರಿತ್ತು. ಮಾಮ ಫೋನನ್ನು ಮಗುಚಿ ಇಟ್ಟರು. “ಇದು ಸಿನಿಮಾದವಳ ಮ್ಯಾಲಿನ ಸಿಟ್ಟಲ್ಲ ಕಣಪ್ಪ. ಇದು ಕಲ್ಯಾಣದುರ್ಗದ್ದು.”

ಎದ್ದು ಹೋಗಬೇಕೆನಿಸಿತು. ಆದರೆ ಅವರು ಮಾತು ಶುರುಮಾಡಿಬಿಟ್ಟಿದ್ದರು. ಹೊಸದಾಗಿ ರೈಟರ್ ಆಗಿದ್ದ ಕಾಲ. ಯಾವ ಸ್ಟೇಷನ್ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಂಡ ಸತ್ತವಳೊಬ್ಬಳು ಸಾಕ್ಷಿಯಾಗಿ ಬಂದಿದ್ದಳು, ಪರಿಗಿ ಕಡೆಯ ಕನ್ನಡದವಳು. ಕೊಲೆಯ ಅನುಮಾನವಿದ್ದದ್ದು ಅವಳ ಮೈದುನನ ಮೇಲೆ. ಸಾಹೇಬರು ತೆಲುಗಿನಲ್ಲಿ ಕೇಳುವುದು, ಇವರು ಅದನ್ನು ಕನ್ನಡದಲ್ಲಿ ಅವಳಿಗೆ ಹೇಳುವುದು, ಅವಳು ಹೇಳಿದ್ದನ್ನು ತೆಲುಗಿನಲ್ಲಿ ಬರೆಯುವುದು. ಅವತ್ತು ನಿನ್ನ ಮೈದುನ ಮನೆಗೆ ಬಂದಿದ್ದನೇ ಎಂದು ಕೇಳಿದರು. ಅವಳು ಸೆರಗಿನ ಅಂಚು ಹಿಡಿದುಕೊಂಡು ಸುಮ್ಮನೆ ನಿಂತಳು.

“ಊಟದ ಹೊತ್ತು ಮೀರಿತ್ತು. ಹೊಟ್ಟೆ ಚುರುಗುಟ್ತಿತ್ತು. ಸುಮ್ನಿದ್ಳು ಅಂತ ಯಾವ ರೈಟರ್ ಬರೀತಾನೆ ಹೇಳು? ಬಂದಿದ್ದ ಅಂತ ಬರ್ದ್‌ಬುಟ್ಟೆ. ಅವ್ಳು ಹೇಳ್ದಂಗೇ, ಚೆಂದಾಗಿ, ಅಕ್ಷರ ಮುತ್ತಿನಂಗೆ. ಓದಿ ಹೇಳ್ದೆ, ತಲೆ ಆಡಿಸಿದ್ಳು. ಸ್ಟೇಷನ್ನಾಗೆ ನಿಲ್ಸಿ ಓದಿದ್ರೆ ಯಾರಾದ್ರೂ ತಲೆ ಆಡಿಸ್ತಾರೆ.”

ಮೈದುನ ಜೈಲಿಗೆ ಹೋದ. ನಿನ್ನ ಬಾಯಿಂದಲೇ ಮನೆ ಹಾಳಾಯಿತೆಂದು ಅತ್ತೆ ಮಾವ ಅವಳನ್ನು ಹೊರಗೆ ಹಾಕಿದರು. ಬಹಳ ದಿನದ ಮೇಲೆ, ಆ ದಿನ ಅವನು ಚಿಲಮತ್ತೂರಿನಲ್ಲಿ ಒಂದು ಮದುವೆಯಲ್ಲಿದ್ದ ಎಂದು ಸಾಬೀತಾಗಿ, ಜೈಲಿನಿಂದ ಬಿಟ್ಟರಂತೆ.

“ಅವಳು ಏನಾದಳು ಮಾಮ?”

“ತೆಲೀದಪ್ಪ. ಗೊತ್ತಿಲ್ದಿದ್ದು ನಾನು ಹೇಳಲ್ಲ. ಒಂದು ಸಲ ಹೇಳಿ ಸಾಕಾಗೈತೆ.” ಇಷ್ಟು ಹೇಳುವಷ್ಟರಲ್ಲಿ ಅವರ ಮುಖ ಹಿಂಡಿದ ಬಟ್ಟೆಯ ಹಾಗಾಗಿತ್ತು. ಅತ್ತೆ ತಂದಿಟ್ಟ ಕಾಫಿಯನ್ನು ಇಬ್ಬರೂ ಮುಟ್ಟಲಿಲ್ಲ.

ಇಷ್ಟು ಕೇಳಿದ ಮೇಲಾದರೂ ಮಾರನೆಯ ದಿನವೇ ಬಸ್ಸು ಹತ್ತಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹತ್ತಲಿಲ್ಲ. ಪರೀಕ್ಷೆ, ಪೇಪರ್ ತಿದ್ದುವುದು, ಬಿಸಿಲು, ನೆಪಗಳಿಗೇನು ಬರ? ವಿಡಿಯೋವನ್ನೂ ತೆಗೆಯಲಿಲ್ಲ. ‘ಕರೆಕ್ಟ್ ಬ್ರೋ, ಅವಳ ಮುಖದಲ್ಲೇ ಗೊತ್ತಾಗುತ್ತೆ’ ಎಂದು ಜನ ಬರೆಯುತ್ತಲೇ ಇದ್ದರು. ಓದಿ ಸುಸ್ತಾಗುತ್ತಿತ್ತು, ಆದರೂ ಓದುತ್ತಿದ್ದೆ.

ಸಕ್ಕರೆ ಕಾಯಿಲೆ ಮಾಮನ ಕಾಲಿಗೆ ಇಳಿಯಿತು. ಬೆಂಗಳೂರಿನ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಆ ದೊಡ್ಡ ಮೈ ಅರ್ಧವಾಗಿತ್ತು. ನೋಡಲು ಹೋದರೆ, “ಹೋಗಿದ್ಯೇನಪ್ಪ?” ಅಂದರು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ.

“ಇಲ್ಲ ಮಾಮ.”

“ಹೋಗು. ಹೋಗಿ ಏನೂ ಕೇಳ್ಬ್ಯಾಡ. ಸುಮ್ನೆ ಕೂತು ಉಂಡು ಬಾ.”

ನಾಲ್ಕು ದಿನಕ್ಕೆ ತೀರಿಕೊಂಡರು. ಮಣ್ಣು ಮಾಡಿ ಬಂದು ವಿಡಿಯೋ ತೆಗೆದುಹಾಕಿದೆ. ಅವರಿದ್ದಾಗಲೇ ಮಾಡಬಹುದಿತ್ತಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನನಗೆ ಪಾಠ ಹೇಳಿದ ಮೇಷ್ಟ್ರುಗಳು ಬಹಳ ಮಂದಿ, ಎಲ್ಲರೂ ಉತ್ತರ ಬರೆಯಲು ಕಲಿಸಿದರು. ಖಾಲಿ ಬಿಡುವುದನ್ನು ಕಲಿಸಿದವರು ಇವರೊಬ್ಬರೇ. ಈ ಋಣ ಯಾವ ಜನ್ಮಕ್ಕೆ ತೀರುತ್ತದೋ ತಿಳಿಯದು.

ಅವರ ತಿಥಿ ಮುಗಿದ ಭಾನುವಾರ, ಪಾವಗಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೋದೆ. ಅಕ್ಕ ಬಾಗಿಲು ತೆರೆದಳು. ತಲೆ ಅರ್ಧ ನೆರೆತಿತ್ತು. “ಬಿಸ್ಲಾಗೆ ಬಂದಿದ್ದೀಯ, ಕೈಕಾಲು ತೊಳ್ಕೋ ಬಾ” ಅಂದಳು, ಹೋದ ವಾರವಷ್ಟೇ ಬಂದು ಹೋದವನಿಗೆ ಹೇಳುವ ಹಾಗೆ. ಮುದ್ದೆ, ಹುರುಳಿಕಾಳು ಸಾರು ಮಾಡಿದಳು. ಕಾಲೇಜು, ಮಕ್ಕಳು, ನನ್ನ ಬೆನ್ನುನೋವು, ಎಲ್ಲ ಮಾತಾಯಿತು. ಮಿದ್ದೆಯ ಮೆಟ್ಟಿಲ ಕಡೆ ನಾನು ತಿರುಗಿಯೂ ನೋಡಲಿಲ್ಲ. ಊಟದ ನಡುವೆ ಅವಳೇ ಸೌಟು ಕೆಳಗಿಟ್ಟಳು.

“ಈ ಸಲ ಏನೂ ಕೇಳಲ್ವೇನೋ?”

“ಇಲ್ಲಕ್ಕ.”

“ಅವತ್ತು ಅಷ್ಟು ಜನದೆದುರಿಗೆ ಕೇಳ್ದಲ್ಲ, ಆಗ್ಲೇ ನಿನ್ತಾವ ಉತ್ತರ ಇತ್ತು ಕಣೋ. ನಂದ್ಯಾತಕ್ಕೆ ಬೇಕಾಗಿತ್ತು?”

ತಟ್ಟೆಯಲ್ಲಿ ಉಳಿದಿದ್ದ ಮುದ್ದೆಯನ್ನು ಬೆರಳಲ್ಲೇ ಮುರಿಯುತ್ತಾ ಕೂತೆ. ಅಕ್ಕ ನನ್ನ ಮುಖವನ್ನು ನೋಡಿದಳು. ಮತ್ತೆ ಕೇಳಲಿಲ್ಲ. ಇನ್ನರ್ಧ ಮುದ್ದೆ ತಂದು ತಟ್ಟೆಗೆ ಹಾಕಿದಳು.