ನಾನೇ ಸಿಕ್ಕಿಸಿ ನಾನೇ ಕಿತ್ತ ಕೇಬಲ್

ಕಾಮೋಠೆಯ ನಮ್ಮ ಫ್ಲ್ಯಾಟುಗಳ ಸೊಸೈಟಿಯಲ್ಲಿ ಈ ಸಲ ದಸರೆಗೆ ನೀರಿನ ಪಂಪಿಗೂ ಪೂಜೆ ಮಾಡಿದರು. ವಾಚ್‌ಮನ್ ಮೋಟಾರಿಗೆ ಚೆಂಡುಹೂವಿನ ಮಾಲೆ ಹಾಕಿ ಹಾಗೇ ಬಿಟ್ಟು ಹೋಗಿದ್ದ. ಮೋಟಾರು ಕಾದಂತೆ ಹೂವು ಬಾಡಿ ಒಂದು ವಾಸನೆ ಎದ್ದಿತು. ಬಿಸಿ ಧೂಳು, ಬಿಸಿ ಪ್ಲಾಸ್ಟಿಕ್ಕು, ಅದರೊಳಗೆ ಬೆರೆತ ಚೆಂಡುಹೂವು. ಹಾಲು ತರಲು ಇಳಿದಿದ್ದ ನಾನು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟೆ. ಆ ವಾಸನೆ ನನಗೆ ಹೊಸದಲ್ಲ. ಶಹಾಡಿನ ಬಣ್ಣದ ಕಾರ್ಖಾನೆಯ ಆಫೀಸಿನಲ್ಲಿ, ಒಂದು ಕಬ್ಬಿಣದ ಕಪಾಟಿನ ಮುಂದೆ ನಿಂತು ಅದನ್ನೇ ಮೂಸಿದ್ದೆ. ನನ್ನನ್ನು ನಂಬಿ ಆ ಕಪಾಟಿನ ಕೀಲಿಯನ್ನು ಕೈಗೆ ಕೊಟ್ಟಿದ್ದವನು ನಮ್ಮ ನೆಟ್‌ವರ್ಕ್ ಹುಡುಗ...

ನಾನು ಉಡುಪಿ ಕಡೆಯವನು. ಹೈಸ್ಕೂಲು ಮುಗಿಸಿ ಬಂದು ಡೊಂಬಿವಲಿಯಲ್ಲಿ ಮಾವನ ಹೋಟೆಲಿನ ಗಲ್ಲಾದಲ್ಲಿ ಕೆಲವು ವರ್ಷ ಕೂತು, ಆಮೇಲೆ ಆ ಕಾರ್ಖಾನೆ ಸೇರಿದೆ. ಕೊನೆಕೊನೆಗೆ ಆಫೀಸಿನ ಉಸ್ತುವಾರಿ ನನ್ನದಾಗಿತ್ತು. ಬಾಗಿಲ ಕೀಲಿ, ಕಾಗದ, ಚಹಾ, ಹಬ್ಬದ ಪೂಜೆ ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ನೆಟ್‌ವರ್ಕ್ ಹುಡುಗ ಕಲಬುರಗಿ ಕಡೆಯವನು, ಕಂಪ್ಯೂಟರುಗಳ ಜೋಡಣೆ ನೋಡಿಕೊಳ್ಳಲು ಗುತ್ತಿಗೆಯ ಮೇಲೆ ಬಂದವನು. ಮೂವತ್ತರ ಆಸುಪಾಸಿನಲ್ಲಿದ್ದರೂ ಆಫೀಸಿನಲ್ಲಿ ಎಲ್ಲರಿಗೂ ಅವನು ಹುಡುಗನೇ. ಬಾಯಿ ಜೋರು. ನಾನು ಮಾತಿಗೊಂದು ಮಾರಾಯಾ ಅನ್ನುವುದನ್ನು ಅಣಕಿಸಿ ತೋರಿಸುತ್ತಿದ್ದ. ಮಧ್ಯಾಹ್ನ ಮಾತ್ರ ಜೋಳದ ರೊಟ್ಟಿಯ ಡಬ್ಬಿ ಹಿಡಿದು ನನ್ನ ಮೇಜಿಗೇ ಬರುತ್ತಿದ್ದ. ದೀಪಾವಳಿ ಕಳೆದ ಮೇಲೆ ಪರ್ಮನೆಂಟ್ ಮಾಡುತ್ತೇವೆಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಆದ ಕೂಡಲೇ ತವರಿನಲ್ಲಿದ್ದ ಹೆಂಡತಿಯನ್ನೂ ಕೂಸನ್ನೂ ಕರೆತರಬೇಕೆಂದು ಠಾಕುರ್ಲಿಯಲ್ಲಿ ಒಂದು ಬಾಡಿಗೆ ಖೋಲಿ ನೋಡಿಟ್ಟಿದ್ದ. ಹಿರಿಯರೊಬ್ಬರು ಜೊತೆಗಿರಲಿ ಎಂದು ಖೋಲಿ ನೋಡಲು ನನ್ನನ್ನೂ ಕರೆದುಕೊಂಡು ಹೋಗಿದ್ದ.

ಕಪಾಟಿನೊಳಗೆ ಇದ್ದದ್ದು ಅವರು ಸ್ವಿಚ್ ಎಂದು ಕರೆಯುವ ಒಂದು ಚಪ್ಪಟೆ ಪೆಟ್ಟಿಗೆ. ದೀಪ ಹಾಕುವ ಸ್ವಿಚ್ಚಲ್ಲ. ಆಫೀಸಿನ ಕಂಪ್ಯೂಟರುಗಳ ಕೇಬಲ್ಲುಗಳೆಲ್ಲ ಗೋಡೆಯೊಳಗಿನಿಂದ ಬಂದು ಅದಕ್ಕೆ ಸೇರುತ್ತಿದ್ದವು. ಆ ಕಪಾಟಿದ್ದ ಕೋಣೆಯಲ್ಲಿ ಪೂಜೆ ಗೀಜೆ ಬೇಡವೆಂದು ಮ್ಯಾನೇಜರ್ ಮೊದಲೇ ಹೇಳಿದ್ದರು. ಆದರೆ ಲೇತಿಗೆ, ಬಾಯ್ಲರಿಗೆ, ತೂಕದ ಕಾಟಾಕ್ಕೆ ಎಲ್ಲ ಹೂವಿಟ್ಟು ಇಡೀ ಆಫೀಸು ನಡೆಸುವ ಪೆಟ್ಟಿಗೆಯನ್ನು ಬಿಟ್ಟರೆ ಹೇಗೆ ಎಂದು ನನಗೆ ಸಮಾಧಾನವಿಲ್ಲ. ದಸರೆಯ ಹಿಂದಿನ ಸಂಜೆ ಕೀಲಿ ಕೊಡೆಂದು ಹುಡುಗನನ್ನು ಕಾಡಿದೆ. ಅವನು ನಕ್ಕು ಕೀಲಿ ಕೊಟ್ಟ.

“ಹೂವು ಮ್ಯಾಲ ಇಟ್ಟು ಬರ್ರಿ ಕಾಕಾ. ವೈರಿಗಿ ಕೈ ಹಚ್ಚಬ್ಯಾಡ್ರಿ. ಎಸಳು ಒಳಗ ಬಿದ್ರ ಅದಕ್ಕ ನೆಗಡಿ ಆಗ್ತದ.”

ಕಪಾಟಿನ ಒಂದು ವೈರನ್ನೂ ನಾನು ಮುಟ್ಟಲಿಲ್ಲ. ಅದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು, ಮಾಲು ಕಳಿಸುವ ಲೆಕ್ಕ ನೋಡುವ ಡಿಸ್ಪ್ಯಾಚ್ ಕೋಣೆ ಗುಡಿಸಿ ಒರೆಸುವಾಗ, ಮೇಜಿನ ಕೆಳಗೆ ಒಂದು ಕೇಬಲ್ ಕಾಲಿಗೆ ತೊಡರಿತ್ತು. ಅದರ ಒಂದು ತುದಿ ಗೋಡೆಯ ಸಾಕೆಟ್ಟಿನಲ್ಲಿತ್ತು, ಇನ್ನೊಂದು ತುದಿ ನೆಲದ ಮೇಲೆ ಬಿದ್ದಿತ್ತು. ಹಬ್ಬದ ದಿನ ಹೀಗೆ ಬಿದ್ದುಕೊಂಡಿರಬಾರದೆಂದು ಆ ತುದಿಯನ್ನು ಪಕ್ಕದ ಖಾಲಿ ಸಾಕೆಟ್ಟಿಗೆ ಸಿಕ್ಕಿಸಿದೆ. ಟಕ್ಕೆಂದು ಚೆನ್ನಾಗಿ ಕೂತಿತು. ಆಮೇಲೆ ಕಪಾಟು ತೆರೆದರೆ ಪೆಟ್ಟಿಗೆಯ ಹಸಿರು ದೀಪಗಳೆಲ್ಲ ಒಟ್ಟಿಗೇ ಮಿನುಗುತ್ತಿದ್ದವು. ಪೂಜೆ ಒಪ್ಪಿತು ಅಂದುಕೊಂಡೆ. ಮಾಲೆ ಹಾಕಿ ಕೈಮುಗಿದು ಬಂದೆ.

ರಜೆ ಮುಗಿದು ಆಫೀಸು ತೆರೆದಾಗ ಒಂದು ಕಂಪ್ಯೂಟರೂ ಮಾತು ಕೇಳಲಿಲ್ಲ. ಮಾಲಿನ ಜೊತೆ ಹೋಗಬೇಕಾದ ಚಲನ್ ಹೊರಡಲಿಲ್ಲ. ಬಂದರಿಗೆ ಹೋಗಬೇಕಾದ ಮಾಲು ಹೊತ್ತ ಲಾರಿಗಳು ಗೇಟಿನಲ್ಲೇ ನಿಂತವು. ಕಪಾಟಿನ ಕೋಣೆಯಲ್ಲಿ ಆ ವಾಸನೆ ತುಂಬಿತ್ತು. ಅವನು ಮಾಲೆ ತೆಗೆದು ನನ್ನ ಕೈಗಿತ್ತು, ನೆಲದ ಮೇಲೆ ಕೂತು ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಜೋಡಿಸಿದ. ಪೆಟ್ಟಿಗೆಗೂ ಒಂದು ತಲೆ ಇರುತ್ತದಂತೆ, ಪ್ರೊಸೆಸರ್ ಎಂದು. ಅದು ಎಷ್ಟು ದುಡಿಯುತ್ತಿದೆ ಎಂಬುದು ನೂರಕ್ಕೆ ಇಷ್ಟು ಎಂದು ಪರದೆಯ ಮೇಲೆ ಕಾಣುತ್ತದೆ. ದಿನವೂ ಹತ್ತರೊಳಗೆ ಇರುತ್ತಿದ್ದದ್ದು ಅಂದು ತೊಂಬತ್ತೊಂಬತ್ತು.

“ಏನಾಯಿತು ಮಾರಾಯಾ ಇದಕ್ಕೆ?” ಎಂದೆ.

“ಎಲ್ಲ್ಯೋ ಸುತ್ತು ಬಿದ್ದದ ಕಾಕಾ. ಲೋಕಲ್ ಗಾಡಿ ಕಲ್ಯಾಣ ಸ್ಟೇಶನ್ದಾಗ ನಿಂದ್ರಲಾರ್ದ ಗೋಲ್ ಗೋಲ್ ತಿರಗಿದಂಗ. ಹತ್ತಿದವ್ರು ಇಳಿಯಂಗಿಲ್ಲ, ಮ್ಯಾಲ ಮತ್ತ ಮಂದಿ ಹತ್ತಕೋತ ಹೊಂಟಾರ.”

ಹಾಗೆ ಸುತ್ತು ಬೀಳದಂತೆ ತಡೆಯುವ ಏರ್ಪಾಡೊಂದು ಪೆಟ್ಟಿಗೆಯಲ್ಲೇ ಇರುತ್ತದಂತೆ. ಅವನಿಗಿಂತ ಮೊದಲಿದ್ದವರು ಅದನ್ನು ಬಂದ್ ಮಾಡಿಟ್ಟಿದ್ದರು. ಅವನು ಕೇಬಲ್ಲುಗಳನ್ನು ಒಂದೊಂದಾಗಿ ಕೀಳುತ್ತ ಪ್ರತಿ ಸಲವೂ ಪರದೆ ನೋಡುತ್ತಿದ್ದ. ನಾನು ಬ್ಯಾಟರಿ ದೀಪ ಹಿಡಿದು ನಿಂತಿದ್ದೆ. ಒಂದನ್ನು ಕಿತ್ತಾಗ ಅಂಕಿ ಜರ್ರನೆ ಇಳಿಯಿತು. ಮತ್ತೆ ಸಿಕ್ಕಿಸಿದ, ಏರಿತು. ಡಿಸ್ಪ್ಯಾಚ್ ಕೋಣೆಯದು ಅಂದ. ಅಲ್ಲಿ ಯಾರಾದರೂ ಏನಾದರೂ ಮುಟ್ಟಿದ್ದಾರೆಯೇ ಎಂದು ನನ್ನನ್ನು ಕೇಳಿದ. ಸಾಕೆಟ್ಟು ಟಕ್ಕೆಂದದ್ದು ಆ ಕ್ಷಣವೇ ನನ್ನ ಕಿವಿಯಲ್ಲಿ ಕೇಳಿಸಿತು. ಒಂದೇ ಕೇಬಲ್ಲಿನ ಎರಡೂ ತುದಿಯನ್ನು ಗೋಡೆಗೇ ಸೇರಿಸಿ ಆ ಸುತ್ತು ಹಾಕಿದವನು ನಾನೇ. ಇಲ್ಲಪ್ಪ ಎಂದೆ.

ಅಷ್ಟರಲ್ಲಿ ಮ್ಯಾನೇಜರ್ ಅವನನ್ನು ಕರೆಸಿ ಎಲ್ಲರೆದುರು ಕೂಗಾಡತೊಡಗಿದರು. ನನಗೆ ಆ ವರ್ಷ ನಿವೃತ್ತಿ. ಆಮೇಲೂ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಬೇಡವೆಂದ ಕೋಣೆಯಲ್ಲಿ ಪೂಜೆ ಮಾಡಿದ್ದು, ಲಾರಿ ನಿಲ್ಲಿಸಿದ್ದು ನಾನೇ ಎಂದು ಗೊತ್ತಾದರೆ... ಕಾಲುಗಳು ತಾವಾಗಿಯೇ ಡಿಸ್ಪ್ಯಾಚ್ ಕಡೆಗೆ ನಡೆದವು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗೇನಿಲ್ಲ. ಯೋಚಿಸಿಯೇ ಹೋದೆ. ಕೇಬಲ್ಲಿನ ಎರಡೂ ತುದಿ ಕಿತ್ತು ಸುರುಳಿ ಸುತ್ತಿ, ಸ್ಟೋರಿನ ಹಳೇ ಕೇಬಲ್ಲುಗಳ ಡಬ್ಬದೊಳಗೆ ಹಾಕಿದೆ.

ಅವನು ಬಂದು ನೋಡಿದಾಗ ಏನೂ ಇರಲಿಲ್ಲ. ವಾಪಸು ಹೋಗಿ ಅದೇ ಜೋಡಣೆ ಕಿತ್ತು ಮತ್ತೆ ಸಿಕ್ಕಿಸಿದ. ಅಂಕಿ ಏರಲಿಲ್ಲ. ಕಿತ್ತ, ಸಿಕ್ಕಿಸಿದ, ಕಾದ. ಆಫೀಸು ನಡೆಯತೊಡಗಿತು. ಆದರೆ ಕಾರಣ ಕೇಳಿದವರಿಗೆ ತೋರಿಸಲು ಅವನ ಕೈಯಲ್ಲಿ ಏನೂ ಇಲ್ಲ. ರಜೆಗೆ ಮುಂಚೆ ಅವನೇ ಸ್ವಿಚ್ಚಿಗೆ ಹೊಸ ಸಾಫ್ಟ್‌ವೇರ್ ಹಾಕಿದ್ದ. ಅದರಿಂದಲೇ ಕೆಟ್ಟಿತು, ಈಗ ಗುಟ್ಟಾಗಿ ಸರಿಮಾಡಿ ಸುತ್ತು ಗಿತ್ತು ಎಂದು ಕಥೆ ಕಟ್ಟುತ್ತಿದ್ದಾನೆ ಎಂದು ತೀರ್ಮಾನವಾಯಿತು. ಕೀಲಿ ನನಗೆ ಕೊಟ್ಟಿದ್ದನ್ನು ಅವನು ಹೇಳಲಿಲ್ಲ. ನಾನು ಚಹಾದ ಟ್ರೇ ಹಿಡಿದು ಅಲ್ಲೇ ನಿಂತಿದ್ದೆ. ತಿಂಗಳ ಕೊನೆಗೆ ಅವನ ಗುತ್ತಿಗೆ ಮುಗಿಸಿದರು. ಠಾಕುರ್ಲಿಯ ಖೋಲಿ ಬೇರೆ ಯಾರಿಗೋ ಹೋಯಿತು.

ಕೊನೆಯ ದಿನ ಗುರುತಿನ ಚೀಟಿ ಒಪ್ಪಿಸಲು ನನ್ನ ಮೇಜಿಗೆ ಬಂದ. ಅಂದು ಅವನ ಬಾಯಲ್ಲಿ ತಮಾಷೆ ಇರಲಿಲ್ಲ.

“ಕಾಕಾ, ಡಿಸ್ಪ್ಯಾಚಿನ ಗ್ವಾಡಿಮ್ಯಾಲ ಖಾಲಿ ಸಾಕೆಟ್ ಅದಲ್ರಿ, ಅದರಾಗ ಧೂಳ ಇರಲಿಲ್ರಿ.”

“ಹಬ್ಬಕ್ಕೆ ಒರೆಸಿದ್ದೆ ಮಾರಾಯಾ.”

ಅವನು ನನ್ನ ಮುಖವನ್ನೇ ನೋಡಿದ. ನಾನು ಬಾಯಿ ತೆರೆಯಲೆಂದು ಕಾದನೋ ಏನೋ...

“ಒರಸೀರಿ. ಚಲೋ ಆತು ಬಿಡ್ರಿ,” ಎಂದು ಹೊರಟುಹೋದ.

ನನ್ನನ್ನು ಅವರು ಮತ್ತೆರಡು ವರ್ಷ ಇಟ್ಟುಕೊಂಡರು. ಅವನ ಮೊಬೈಲಿಗೆ ಫೋನು ಮಾಡುವ ಧೈರ್ಯ ಬರುವ ಹೊತ್ತಿಗೆ ಆ ನಂಬರು ಚಾಲ್ತಿಯಲ್ಲಿರಲಿಲ್ಲ. ಊರಿನ ಹೆಸರು ನಾನು ಕೇಳಿಟ್ಟುಕೊಂಡಿರಲಿಲ್ಲ. ದಿನವೂ ಅವನ ರೊಟ್ಟಿ ತಿಂದವನು ಕೇಳಬೇಕಿತ್ತು.

ಈ ದಸರೆ ಕಳೆದ ಮೇಲೆ ಮನಸ್ಸು ತಡೆಯದೆ ಠಾಣೆ ಶಹರಕ್ಕೆ ಹೋಗಿ ಹಳೆಯ ಮ್ಯಾನೇಜರನ್ನು ಅವರ ಮನೆಯಲ್ಲಿ ಕಂಡೆ. ಅವರಿಗೂ ವಯಸ್ಸಾಗಿದೆ. ಕಾರ್ಖಾನೆ ಮುಚ್ಚಿ ವರ್ಷಗಳಾದವು. ಎಲ್ಲವನ್ನೂ ಬಿಡದೆ ಹೇಳಿದೆ. ಪೂಜೆ, ಕೇಬಲ್ಲು, ಸ್ಟೋರಿನ ಡಬ್ಬ. ಅವರು ಬೈಯುತ್ತಾರೆಂದು ಅಂದುಕೊಂಡಿದ್ದೆ, ಬೈಯಲಿ ಎಂದೇ ಹೋಗಿದ್ದೆ. ಅವರು ಬಿಸ್ಕತ್ತಿನ ತಟ್ಟೆ ನನ್ನ ಕಡೆ ಸರಿಸಿ, ಲಾರಿ ನಿಂತದ್ದೇನೋ ನೆನಪಿದೆ, ಆದರೆ ಯಾವ ಹುಡುಗ ಎಂದರು. ಕೆಲಸದಿಂದ ತೆಗೆದಿರಲ್ಲ, ಅವನು ಎಂದೆ.

“ನಾಮ್ ಕ್ಯಾ ಥಾ ಉಸ್ಕಾ?”

ಅವನ ಹೆಸರು ಹೇಳಿದೆ. ಅಷ್ಟು ವರ್ಷಗಳಲ್ಲಿ ಅದನ್ನು ನಾನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಅವರು ನೆನಪಾಗಲಿಲ್ಲವೆಂದು ತಲೆಯಾಡಿಸಿ, ಚಹಾ ಆರುತ್ತಿದೆ ಕುಡಿಯಿರಿ ಎಂದರು.