ಮಗಳ ಡಬ್ಬಿಗೆ ಕಟ್ಟಿದ ಝುಣಕ

ಹೆಂಡತಿ ತೀರಿಕೊಂಡ ಹದಿಮೂರನೆಯ ದಿನ, ಬಂದವರ ಊಟ ಮುಗಿಯುತ್ತಲೇ ಅತ್ತೆ ನನ್ನ ಮಗಳ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದರು. ಅವಳು ಆಗ ಶಾಲೆಯಲ್ಲಿ ಮೂರನೆಯ ಇಯತ್ತೆ.

"ಸಿಟ್ಟಾಗಬ್ಯಾಡ್ರಿ ಅಳಿಯಾರ. ನೀವು ಹೊತ್ತು ಏರೂದ್ರಾಗ ಮಾಧವನಗರಕ್ಕ ಮಗ್ಗದ ಕೆಲಸಕ್ಕ ಹೋಗಾವ್ರು. ಈಕಿ ಬಾಯಿ ಎಂಥಾದ್ದು ನಿಮಗ ಗೊತ್ತಿಲ್ಲೇನು? ನಮ್ಮ ಲಿಂಗನೂರಾಗ ಇರ್ಲಿ."

"ದೀಪಾವಳಿ ತನಕ ನೋಡ್ರಿ. ಆಗಲಿಲ್ಲಂದ್ರ ನಾನ ತಂದು ಬಿಡ್ತೇನಿ" ಎಂದೆ. ಆ ಮಾತು ನನ್ನದೇ, ಬೇರೆ ಯಾರೂ ಆಡಿಸಲಿಲ್ಲ.

ಮಗಳ ಬಾಯಿ ಕಷ್ಟದ್ದೇ. ಬದನೆಕಾಯಿ ಮುಟ್ಟಳು, ಅನ್ನಕ್ಕೆ ಪಲ್ಯ ತಾಗಿದರೆ ಅನ್ನವನ್ನೂ ಬಿಡುವಳು. ಶಾಲೆಯಿಂದ ಡಬ್ಬಿ ಖಾಲಿಯಾಗಿ ಬರುತ್ತಿದ್ದುದು ಒಂದೇ ತಿಂಡಿ ಕಟ್ಟಿದ ದಿನ. ಕಡಲೆಹಿಟ್ಟಿನ ಝುಣಕವನ್ನು ಉದುರುದುರಾಗಿ ಮಾಡಿ, ತೆಳ್ಳನೆಯ ಜೋಳದ ರೊಟ್ಟಿಯಲ್ಲಿ ಸುತ್ತಿ ಹೆಂಡತಿ ಕಳಿಸುತ್ತಿದ್ದಳು. "ದಿನಾ ಅದನ್ನ ಕಟ್ಟಾಕ ಬ್ಯಾಸರ ಬರೂದಿಲ್ಲೇನ ನಿನಗ?" ಎಂದು ಕೇಳಿದರೆ, "ನೀವು ಒಂದಿನ ಕಟ್ರಿ, ಆಮ್ಯಾಲೆ ಬ್ಯಾಸರದ ಮಾತಾಡ್ರಿ" ಎನ್ನುತ್ತಿದ್ದಳು.

ಮೊದಮೊದಲು ನಾನು ಉಪ್ಪಿಟ್ಟು ಕಟ್ಟಿದೆ, ಚಪಾತಿ ಕಟ್ಟಿದೆ. ಎಲ್ಲ ಹಾಗೇ ವಾಪಸು ಬಂತು. ಮನೆಯಲ್ಲೂ ಹಾಲು ಬಿಸ್ಕೀಟಿನ ಮೇಲೆ ದಿನ ದೂಡುತ್ತಿದ್ದಳು. ಮೊಬೈಲಿನಲ್ಲಿ ನೋಡಿ ನೋಡಿ ಝುಣಕ ಕಲಿತೆ. ಎರಡು ಸಲ ಗಂಟಾಯಿತು, ಮೂರನೆಯ ಸಲ ಉದುರಾಯಿತು. ಮರುದಿನ ನಸುಕಿನಲ್ಲೇ ಎದ್ದು ರೊಟ್ಟಿಯಲ್ಲಿ ಸುತ್ತಿ ಡಬ್ಬಿಗಿಟ್ಟೆ. ಇನ್ನು ಮಗಳು ನನ್ನ ಹತ್ತಿರವೇ ಉಳಿಯುತ್ತಾಳೆ ಎಂದು ಅವತ್ತು ಮಗ್ಗದ ಮುಂದೆ ನಿಂತು ಲೆಕ್ಕ ಹಾಕಿದ್ದೆ.

ಸಂಜೆ ಡಬ್ಬಿ ತುಂಬಿದ್ದಂತೆಯೇ ಬಂತು. ಅದನ್ನು ಕಟ್ಟೆಯ ಮೇಲಿಟ್ಟು ಮಗಳು ಕೇಳಿದಳು:

"ಪಪ್ಪಾ, ಇವತ್ತ ಯಾರು ಸತ್ತಾರ?"

ಸಾವಾದ ಮನೆಯಲ್ಲಿ ನಮ್ಮವರು ಒಲೆ ಹಚ್ಚುವುದಿಲ್ಲ. ನೆಂಟರು, ನೆರೆಯವರು ಬುತ್ತಿ ತಂದು ಮನೆಯವರ ಬಾಯಿಗೆ ತುತ್ತಿಡುತ್ತಾರೆ. ಕಹಿ ತುತ್ತು, ಈ ಕಡೆಯ ಮಾತಿನಲ್ಲಿ ಕಡೂ ಘಾಸ. ಅದು ಹೆಚ್ಚಾಗಿ ಝುಣಕ-ರೊಟ್ಟಿಯೇ. ಹತ್ತು ದಿನ ಚಿಕ್ಕಮ್ಮ ದೊಡ್ಡಮ್ಮನ ವರಸೆಯ ಒಬ್ಬೊಬ್ಬ ಮಾವಶಿ ಬಂದು, ಬೇಡವೆಂದು ಮುಖ ತಿರುಗಿಸಿದರೂ ಗಲ್ಲ ಹಿಡಿದು ನನ್ನ ಮಗಳ ಬಾಯಿಗೆ ಅದನ್ನು ತುರುಕಿದ್ದರು. ಪಕ್ಕದಲ್ಲೇ ಕೂತು ನಾನೂ ತಿಂದಿದ್ದೆ. ಆದರೂ ಕಟ್ಟುವಾಗ ನನಗೆ ಹೊಳೆಯಲಿಲ್ಲ.

ಹೊಳೆದಾಗ ಸಿಟ್ಟು ಬಂತು. "ನಿಮ್ಮವ್ವ ಕಟ್ಟಿದ್ರ ತಿಂತಿದ್ದಿಲ್ಲೋ?" ಎಂದು ಕೆನ್ನೆಗೆ ಹೊಡೆದೆ. ಅವಳು ಅಳಲಿಲ್ಲ. ಮರುದಿನ ಡಬ್ಬಿಯನ್ನೇ ಒಯ್ಯಲಿಲ್ಲ.

ಹತ್ತು ದಿನ ಸಾಲುಗಟ್ಟಿ ತುತ್ತಿಡಲು ಬಂದವರಲ್ಲಿ ಒಬ್ಬರೂ ಆಮೇಲೆ ಬಂದು, ಮಗು ಏನು ಉಣ್ಣುತ್ತದೆ ಎಂದು ಕೇಳಲಿಲ್ಲ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಹೊಡೆದವರು ಅವರಲ್ಲ.

ದೀಪಾವಳಿಯವರೆಗೂ ಕಾಯಲಿಲ್ಲ. ಮಿರಜದಲ್ಲಿ ಬಸ್ಸು ಬದಲಿಸಿ ಮಗಳನ್ನು ಲಿಂಗನೂರಿಗೆ ಬಿಟ್ಟು ಬಂದೆ. ವಾರದ ನಂತರ ಅತ್ತೆ ಫೋನ್ ಮಾಡಿದರು.

"ಚಲೋ ಉಣ್ಣಾಕತ್ಯಾಳ್ರಿ. ನಿನ್ನಿ ಬದನಿಕಾಯಿನೂ ತಿಂದ್ಳು. ಸಾಲಿ ಮನಿ ಮುಂದ ಐತೆಲ್ಲಾ, ಮಧ್ಯಾಹ್ನ ಬಂದು ಬಿಸಿದು ಉಂಡು ಹೋಗ್ತಾಳ. ಡಬ್ಬಿ ಕಟ್ಟೂ ತ್ರಾಸನ ಇಲ್ಲ."

"ಚಲೋ ಆತ್ರಿ" ಎಂದೆ. ಮಗಳು ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ ಎಂದು ಕೇಳಿಯೂ ನನಗೆ ಸಂತೋಷವಾಗಲಿಲ್ಲ. ಒಂದು ಹೊತ್ತಾದರೂ ಉಪವಾಸ ಕೂತಿದ್ದರೆ ಕರೆತರಬಹುದಿತ್ತು ಅನಿಸಿತು. ತಂದೆಯಾದವನಿಗೆ ಬರಬಾರದ ಯೋಚನೆ ಅದು.