ಭಾವ ಸರಿಸದ ಬಾಂದುಕಲ್ಲು

ಪತ್ತೇದಾರಿಕೆಗೆ ಯಾರಾದರೂ ಪದಕ ಕೊಡುವುದಿದ್ದರೆ ನನ್ನ ಗಂಡನಿಗೆ ಕೊಡಬೇಕು. ದೊಡ್ಡಆಲಹಳ್ಳಿ ಕಡೆಯ ನಮ್ಮ ಜಮೀನು ಬೆಟ್ಟದ ಇಳಿಜಾರಿನಲ್ಲಿದೆ. ಮೇಲಿನ ಭಾಗ ಅವರ ಅಣ್ಣನದು, ಅಂದರೆ ನನ್ನ ಭಾವನದು. ಕೆಳಗಿನದು ನಮ್ಮ ಹಿಪ್ಪುನೇರಳೆ ತೋಟ. ಅದರ ಸೊಪ್ಪು ತಿಂದು ರೇಷ್ಮೆ ಹುಳ ಬದುಕುತ್ತವೆ, ಹುಳದಿಂದ ನಾವು. ನಡುವೆ ಗಡಿಗೆಂದು ಒಂದು ಬಾಂದುಕಲ್ಲು.

ಪ್ರತಿ ಮಳೆಗಾಲ ಮುಗಿದ ಮೇಲೆ ಬೆಟ್ಟದ ಹಾಸುಬಂಡೆಯಿಂದ ಹಗ್ಗ ಹಿಡಿದು ನೋಡಿದರೆ ಆ ಕಲ್ಲು ಒಂದು ಗೇಣು ನಮ್ಮ ಕಡೆಗೆ ಬಂದಿರುತ್ತಿತ್ತು. "ಅಣ್ಣಂದೇ ಕೆಲ್ಸ ಕಣೆ," ಎಂದು ನನ್ನ ಗಂಡ ಹಾರೆ ಹೊತ್ತುಕೊಂಡು ಹೋಗಿ ಅದನ್ನು ಮೇಲಕ್ಕೆ ನೆಟ್ಟು ಬರುತ್ತಿದ್ದರು. ಬಂದು, ದೇಶದ ಗಡಿ ಕಾದವರ ಹಾಗೆ ಒಂದು ಮುದ್ದೆ ಹೆಚ್ಚು ಉಣ್ಣುತ್ತಿದ್ದರು. ಬದು ಡೊಂಕಾಗಿತ್ತು. ಬದುವಿನ ಹೊಂಗೆಮರವೂ ವಾಲಿಕೊಂಡು ಕೆಳಗಿಳಿದಿತ್ತು. ಮರವನ್ನೂ ಭಾವನೇ ಹೊತ್ತು ತಂದರೇ ಎಂದು ಕೇಳಿಕೊಳ್ಳಲು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಅಣ್ಣ ತಮ್ಮಂದಿರು ಮಾತು ಬಿಟ್ಟರು.

ಹೋದ ಮಳೆಗಾಲದಲ್ಲಿ ತೋಟದ ನಡುವೆ ಕಾಲು ಇಳಿಯುವಷ್ಟು ಬಿರುಕು ಬಿಟ್ಟಿತು. ಎರಡು ಸಾಲು ಗಿಡಗಳ ಬೇರು ಹರಿದು ಒಣಗಿದವು. ಆಗಲೂ ಇವರು ಸರ್ವೆಯರನ್ನು ಕರೆಸಿದ್ದು ಅಣ್ಣನ ಕಳ್ಳತನ ಹಿಡಿಸಲೆಂದೇ. ಸರ್ವೆಯರು ಅದೇ ಹಾಸುಬಂಡೆಯಿಂದ ಕಲ್ಲಿನ ಜೊತೆಗೆ ಬದು, ಮರ ಎಲ್ಲವನ್ನೂ ಅಳೆದು ನಕ್ಕುಬಿಟ್ಟರು.

"ಕಲ್ನ ಯಾರೂ ಸರ್ಸಿಲ್ಲ ಕಣ್ರೀ. ಜಮೀನೇ ಒಸಿ ಒಸಿ ಜಾರ್ತಾ ಐತೆ. ಬೆಟ್ಟದ ನೀರು ಮೇಲಿನ ಹೊಲ್ದಲ್ಲಿ ನಿಂತು ಇಂಗ್ತಾ ಐತೆ. ಅಲ್ಲಿ ಅಡ್ಡಕ್ಕೆ ಕಾಲುವೆ ತೆಗ್ದು ನೀರ್ನ ಹಳ್ಳಕ್ಕೆ ಬುಡಿ. ಇಲ್ದಿದ್ರೆ ಬರೋ ಮಳೇಲಿ ತೋಟ ಉಳಿಯಾಕಿಲ್ಲ."

ಮೇಲಿನ ಹೊಲವೆಂದರೆ ಭಾವನ ಹೊಲ. ಕಾಲುವೆಗೆ ಅವರ ಒಪ್ಪಿಗೆ ಬೇಕು. ಗಡಿ ಕಾದ ಶೂರರು ಜಗಲಿಯ ಕಂಬಕ್ಕೆ ಒರಗಿ ಕೂತುಬಿಟ್ಟರು.

"ನಾನ್ ಹೋಗಾಕಿಲ್ಲ. ಮೊದ್ಲು ಹೇಳ್ದೋಳು ನೀನು."

ಇಷ್ಟು ಹೊತ್ತು ಅವರನ್ನು ಆಡಿಕೊಂಡೆ. ಈ ಮಾತನ್ನು ಮಾತ್ರ ಅಲ್ಲಗಳೆಯಲಾರೆ. ಮೊದಲ ವರ್ಷ ಕಲ್ಲು ನೋಡಿ, "ಭಾವನೇ ಸರ್ಸವ್ರೆ," ಎಂದವಳು ನಾನೇ. ಕಣ್ಣಾರೆ ಕಂಡಿದ್ದೆನೇ? ಇಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ತೋಟದ ಭಯವಾಯಿತು.

ಭಾವನ ಮನೆ ಬಾಗಿಲಲ್ಲಿ ಹೋಗಿ ನಿಂತೆ. "ಕಲ್ಲು ನೀವು ಸರ್ಸಿಲ್ಲ ಭಾವ. ನಂದೇ ತಪ್ಪಾಯ್ತು."

"ಮೂರ್ ವರ್ಸದಿಂದ ನಾನೂ ಅದ್ನೇ ಹೇಳ್ತಾವ್ನಿ ಕಣವ್ವ," ಎಂದರು. ಕಾಲುವೆಯ ವಿಷಯ ಹೇಳಿದೆ. ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ, "ಗುದ್ದಲಿ ತಂದಿದ್ದೀಯಾ?" ಎಂದು ಕೇಳಿದರು.

ತಂದಿರಲಿಲ್ಲ. ಬಾಯಿ ಮಾತ್ರ ತಂದಿದ್ದೆ.

ಭಾವ ಒಳಗೆ ಹೋಗಿ ಎರಡು ಗುದ್ದಲಿ ತಂದರು. ಒಂದನ್ನು ತಾವು ಹೆಗಲಿಗೇರಿಸಿಕೊಂಡು, ಇನ್ನೊಂದನ್ನು ನನ್ನ ಕೈಗಿಟ್ಟರು.

"ಇದು ಅವ್ನಿಗೆ. ಹಾರೇನ ಮನೇಲಿ ಬುಟ್ಟು ಬರಾಕೆ ಹೇಳು."